ರಂಗನತಿಟ್ಟಿನ ಕಟ್ಟುಪಾಡುಗಳು ಯಾರಿಗಾಗಿ?

(ಗಿರಣಿ ಕೆಲಸಗಾರರು ಹಾಗೂ ಪೇಟೆಯ ಸಣ್ಣ ವರ್ತಕರ ಕೂಟದಲ್ಲಿ ಮಾಡಿದ ಭಾಷಣ)

ಮುಂದಿನ ರಜೆಯ ದಿನ ಮನೆಮಂದಿಯೊಡನೆ ರಂಗನತಿಟ್ಟಿಗೆ ಹೋಗಿಬರಬೇಕೆಂದು ನಮ್ಮ ಗಿರಣಿಯ ಗೆಳೆಯರು ಗೊತ್ತುಮಾಡಿದ್ದಾರೆ. ಪೇಟೆಯ ವರ್ತಕ ಬಂಧುಗಳೂ ಕೆಲವರು ಬರುತ್ತಾರಂತೆ. ಬಹಳ ಸಂತೋಷದ ಮಾತು. ವಾರದ ಆರು ದಿನ ಯಂತ್ರದ ಸದ್ದಿನಲ್ಲಿ ನಿಂತವನಿಗೆ, ಅಂಗಡಿಯ ಗಲ್ಲದ ಮುಂದೆ ಬೆಳಗಿನಿಂದ ರಾತ್ರಿಯವರೆಗೆ ಕುಳಿತವನಿಗೆ, ಒಂದು ದಿನ ನೀರು, ಮರ, ಹಕ್ಕಿಗಳನ್ನು ನೋಡಿಕೊಂಡು ಬರುವ ಹಕ್ಕು ಇದೆ. ಅದು ಯಾರೋ ದೊಡ್ಡವರು ಕೊಡುವ ದಾನವಲ್ಲ.

ಆದರೆ ಈ ಸುದ್ದಿ ಹಬ್ಬಿದಂದಿನಿಂದ ನಮ್ಮ ಕಿವಿಗೆ ಬೀಳುತ್ತಿರುವುದು ಬರಿಯ ದೂರುಗಳೇ. ಅಲ್ಲಿ ಒಲೆ ಹೂಡಬಾರದಂತೆ. ಹಾಡು ಹಾಕಬಾರದಂತೆ. ಹೊಳೆಗೆ ಇಳಿಯಬಾರದಂತೆ, ಪ್ಲಾಸ್ಟಿಕ್ ಚೀಲ ಒಯ್ಯಬಾರದಂತೆ. ದೋಣಿಯಲ್ಲಿ ಎದ್ದು ನಿಂತರೆ ಬೈಯುತ್ತಾರಂತೆ. ಇದಿಷ್ಟೂ ಸಾಲದೆಂದು ಒಳಗೆ ಹೋಗುವುದಕ್ಕೆ ಒಂದು ಚೀಟಿ, ದೋಣಿಗೆ ಇನ್ನೊಂದು ಚೀಟಿ. “ದುಡ್ಡು ಕೊಟ್ಟು ಕೈಕಟ್ಟಿ ಕೂರುವುದಕ್ಕೆ ಅಷ್ಟು ದೂರ ಏಕೆ ಹೋಗಬೇಕು ಮೇಷ್ಟ್ರೆ? ಕೈಕಟ್ಟಿ ನಿಲ್ಲುವುದು ಗಿರಣಿಯಲ್ಲೇ ಇದೆಯಲ್ಲ” ಎಂದು ಒಬ್ಬರು ಕೇಳಿದರು. ಕೇಳಿದ್ದು ನ್ಯಾಯವಾಗಿಯೇ ಇದೆ. ಅದಕ್ಕೆ ಉತ್ತರ ಹೇಳಬೇಕೆಂದೇ ನಾವು ಇಂದು ನಿಂತಿದ್ದೇವೆ.

ಗಿರಣಿಯಲ್ಲಿ ಎರಡು ಬಗೆಯ ನಿಯಮಗಳಿವೆಯೆಂಬುದು ನಿಮಗೆ ನಮಗಿಂತ ಚೆನ್ನಾಗಿ ಗೊತ್ತು. ಓಡುವ ಪಟ್ಟಿಯ ಹತ್ತಿರ ಸಡಿಲ ಬಟ್ಟೆ ತೊಟ್ಟು ಹೋಗಬಾರದೆಂಬುದು ಒಂದು ಬಗೆ. ಐದು ನಿಮಿಷ ತಡವಾದರೆ ಅರ್ಧ ದಿನದ ಕೂಲಿ ಹಿಡಿಯುವುದು ಇನ್ನೊಂದು ಬಗೆ. ಮೊದಲನೆಯದು ಕೈಯನ್ನು ಕಾಯುತ್ತದೆ, ಎರಡನೆಯದು ಗಲ್ಲವನ್ನು ಕಾಯುತ್ತದೆ. ಎರಡನ್ನೂ ಒಂದೇ ಗೋಡೆಯ ಮೇಲೆ ಒಂದೇ ಬಣ್ಣದಲ್ಲಿ ಬರೆದು ತೂಗುಹಾಕಿರುತ್ತಾರೆ. ಆದುದರಿಂದ ನಿಯಮವೆಂದ ಕೂಡಲೆ ತಲೆಬಾಗುವುದೂ ಸರಿಯಲ್ಲ, ಸಿಡಿದೇಳುವುದೂ ಸರಿಯಲ್ಲ. ಇದು ಯಾರನ್ನು ಕಾಯುತ್ತದೆ ಎಂದು ಕೇಳಬೇಕು. ಪಕ್ಷಿಧಾಮದ ಬಾಗಿಲಿನಲ್ಲೂ ಅದನ್ನೇ ಕೇಳೋಣ.

ಮೊದಲು ಆ ಜಾಗ ಹೇಗಾಯಿತೆಂಬುದನ್ನು ಸ್ವಲ್ಪ ಹೇಳಬೇಕು. ರಂಗನತಿಟ್ಟು ಶ್ರೀರಂಗಪಟ್ಟಣದ ಮಗ್ಗುಲಲ್ಲೇ, ಕಾವೇರಿಯ ಹೊಳೆಯೊಳಗೆ ಇದೆ. ಹದಿನೇಳನೆಯ ಶತಮಾನದ ನಡುವಿನಲ್ಲಿ, ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ, ಗದ್ದೆಗಳಿಗೆ ನೀರು ತಿರುಗಿಸಲೆಂದು ಹೊಳೆಗೆ ಅಡ್ಡಲಾಗಿ ಒಂದು ಕಟ್ಟೆ ಹಾಕಿದರು. ನೀರು ನಿಂತಿತು, ನಡುವೆ ಸಣ್ಣ ಸಣ್ಣ ತಿಟ್ಟುಗಳು ಎದ್ದು ಉಳಿದವು. ತಿಟ್ಟುಗಳ ಮೇಲೆ ಮರ, ಪೊದೆ, ಬಿದಿರು ಬೆಳೆಯಿತು. ಸುತ್ತಲೂ ನೀರು, ನಾಯಿ ನರಿ ಬರಲಾರವು, ಮೀನಿಗೆ ಕೊರತೆಯಿಲ್ಲ. ಹಕ್ಕಿಗಳಿಗೆ ಇನ್ನೇನು ಬೇಕು? ಕಟ್ಟಿದ್ದು ರೈತನ ಗದ್ದೆಗಾಗಿ, ಕಲ್ಲು ಮಣ್ಣು ಹೊತ್ತದ್ದು ಕೂಲಿಯ ಜನ. ಕೊಕ್ಕರೆಗಳು ಬಂದು ನೆಲೆಸಿದ್ದು ಆಮೇಲೆ. ಇದು ಕಾಡಿನಲ್ಲಿ ತಾನಾಗಿ ಹುಟ್ಟಿದ ಅದ್ಭುತವಲ್ಲ, ದುಡಿದ ಕೈಗಳು ಮಾಡಿದ ಜಾಗ ಎಂಬುದನ್ನು ಹೋಗುವಾಗ ನೆನಪಿನಲ್ಲಿಡಿ.

ಹಕ್ಕಿಗಳ ಶಾಸ್ತ್ರದಲ್ಲಿ ನಮ್ಮ ದೇಶದಲ್ಲೇ ಹೆಸರಾದ ಸಲೀಂ ಅಲಿಯವರು ಮೈಸೂರು ಸೀಮೆಯ ಹಕ್ಕಿಗಳನ್ನು ಎಣಿಸುತ್ತ ಇಲ್ಲಿಗೆ ಬಂದರು. ಇಲ್ಲಿ ಇಷ್ಟೊಂದು ಗೂಡುಗಳಿರುವುದನ್ನು ಕಂಡು, ಇದನ್ನು ಕಾಯ್ದಿಡಬೇಕೆಂದು ಮೈಸೂರು ಅರಸರಿಗೆ ಹೇಳಿದರು. ೧೯೪೦ರಲ್ಲಿ ಇದು ಪಕ್ಷಿಧಾಮವಾಯಿತು. ಇಡೀ ಧಾಮ ಸುಮಾರು ೬೭ ಹೆಕ್ಟೇರು, ಅಂದರೆ ನಮ್ಮ ಲೆಕ್ಕದಲ್ಲಿ ೧೬೫ ಎಕರೆ. ಆ ಅಂಗೈಯಗಲದ ಜಾಗದಲ್ಲಿ ಇನ್ನೂರಕ್ಕೂ ಹೆಚ್ಚು ಜಾತಿಯ ಹಕ್ಕಿಗಳನ್ನು ಗುರುತಿಸಿದ್ದಾರೆ. ೨೦೨೨ರಲ್ಲಿ ರಾಮ್ಸಾರ್ ಒಪ್ಪಂದದ ಪಟ್ಟಿಗೂ ಇದು ಸೇರಿತು. ಲೋಕದಲ್ಲಿ ಉಳಿಸಿಕೊಳ್ಳಬೇಕಾದ ನೀರಿನ ತಾಣಗಳ ಪಟ್ಟಿ ಅದು. ಕರ್ನಾಟಕದಿಂದ ಮೊದಲು ಸೇರಿದ್ದು ಇದೇ.

ಹೀಗೆ ಕಾಯ್ದಿಡುವ ಯೋಚನೆ ಅರಮನೆಗಳಲ್ಲಿ ಮಾತ್ರ ಹುಟ್ಟಿತೆಂದು ತಿಳಿಯಬೇಡಿ. ಚೆಂಗಲ್ಪಟ್ಟು ಸೀಮೆಯಲ್ಲಿ ವೇಡಂತಾಂಗಲ್ ಎಂಬ ಊರಿದೆ. ಅಲ್ಲಿಯ ಕೆರೆಯ ಮರಗಳಲ್ಲಿ ಸಾವಿರಾರು ಹಕ್ಕಿಗಳು ಗೂಡು ಕಟ್ಟುತ್ತವೆ. ಹಕ್ಕಿಯ ಹಿಕ್ಕೆ ಕೆರೆಯ ನೀರಿಗೆ ಬೀಳುತ್ತದೆ, ಆ ನೀರು ಗದ್ದೆಗೆ ಹರಿಯುತ್ತದೆ, ಬೇರೆ ಗೊಬ್ಬರ ಅಷ್ಟಾಗಿ ಬೇಕಾಗುವುದಿಲ್ಲ. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಬಿಳಿಯ ಸಿಪಾಯಿಗಳು ಬಂದು ಕೊಕ್ಕರೆಗಳನ್ನು ಗುಂಡಿಟ್ಟು ಹೊಡೆಯತೊಡಗಿದಾಗ ಊರಿನ ರೈತರೇ ಕಂಪನಿಯ ಕಲೆಕ್ಟರನ ಬಳಿ ಹೋಗಿ ದೂರು ಕೊಟ್ಟು, ಇಲ್ಲಿ ಯಾರೂ ಹಕ್ಕಿ ಹೊಡೆಯಕೂಡದೆಂಬ ಅಪ್ಪಣೆಯನ್ನು ಬರೆಸಿಕೊಂಡರು. ಅಂದರೆ ಬಂದೂಕು ಹಿಡಿದು ಮೋಜಿಗೆ ಬಂದವನ ವಿರುದ್ಧ ಒಕ್ಕಲುಮಕ್ಕಳು ಮಾಡಿಸಿದ ನಿಯಮ ಅದು. ಅಲ್ಲಿಯ ಜನ ದೀಪಾವಳಿಗೆ ಪಟಾಕಿ ಹಚ್ಚದೆ ಇರುವುದನ್ನೂ ನಡೆಸಿಕೊಂಡು ಬಂದಿದ್ದಾರೆ. ಹಾಗೆ ಮಾಡಿರೆಂದು ಅವರಿಗೆ ಯಾವ ಪೋಲೀಸರೂ ಹೇಳಲಿಲ್ಲ.

ಅಮೆರಿಕದಲ್ಲೂ ಇದೇ ಬಗೆ ನೋಡಿ. ಆ ದೇಶದ ಮೊದಲ ರಾಷ್ಟ್ರೀಯ ವನ್ಯಜೀವಿ ಆಶ್ರಯ ೧೯೦೩ರಲ್ಲಿ ಆದದ್ದು ಫ್ಲಾರಿಡಾದ ಪೆಲಿಕನ್ ನಡುಗಡ್ಡೆ, ಹೆಜ್ಜಾರ್ಲೆಗಳ ದ್ವೀಪ. ಶ್ರೀಮಂತ ಹೆಂಗಸರ ಟೋಪಿಗೆ ಗರಿ ಬೇಕೆಂದು ಹಕ್ಕಿಗಳನ್ನು ರಾಶಿ ರಾಶಿಯಾಗಿ ಕೊಲ್ಲುತ್ತಿದ್ದ ಕಾಲ ಅದು. ಅದನ್ನು ಕಾಯಲು ನಿಂತವನು ಜರ್ಮನಿಯಿಂದ ಬಂದ ಒಬ್ಬ ದೋಣಿ ಕಟ್ಟುವ ಕಸಬಿನವನು, ಪಾಲ್ ಕ್ರೋಗಲ್. ಅವನಿಗೆ ಸಂಬಳ ತಿಂಗಳಿಗೆ ಒಂದು ಡಾಲರು. ಕಾಯುವವನಿಗೆ ಕೂಲಿ ಕಡಿಮೆ ಕೊಡುವ ಪದ್ಧತಿ ಅಲ್ಲೂ ಮೊದಲ ದಿನದಿಂದಲೇ ಬಂದದ್ದು ಕಾಣುತ್ತದೆ.

ಇನ್ನು ಕಾನೂನಿನ ಮಾತು. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಇಂಥ ಧಾಮಗಳಿಗೆಲ್ಲ ಅನ್ವಯಿಸುತ್ತದೆ. ಅದರ ೨೭ನೆಯ ಕಲಮಿನಲ್ಲಿ ಒಳಗೆ ಯಾರು ಹೋಗಬಹುದೆಂದು ಹೇಳಿದೆ: ಕೆಲಸದ ಮೇಲಿರುವ ಸರಕಾರಿ ನೌಕರ, ಒಳಗೆ ಜಮೀನಿನ ಹಕ್ಕುಳ್ಳವನು, ಹೆದ್ದಾರಿಯಲ್ಲಿ ಹಾದುಹೋಗುವವನು, ಅನುಮತಿ ಪಡೆದವನು, ಹೀಗೆ. ನಾವು ಈ ಕೊನೆಯ ಸಾಲಿನವರು. ೨೮ನೆಯ ಕಲಮು ಅನುಮತಿಯನ್ನು ಯಾವುದಕ್ಕೆ ಕೊಡಬಹುದೆಂದು ಹೇಳುತ್ತದೆ. ಅಧ್ಯಯನ, ಫೋಟೊ ತೆಗೆಯುವುದು, ಸಂಶೋಧನೆ, ಪ್ರವಾಸ, ಒಳಗಿನ ನಿವಾಸಿಗಳೊಡನೆ ನ್ಯಾಯವಾದ ವ್ಯವಹಾರ. ನೀವು ಬಾಗಿಲಿನಲ್ಲಿ ಕೊಳ್ಳುವ ಚೀಟಿಯೇ ಆ ಅನುಮತಿ. ಅದು ಸಿನಿಮಾ ಟಿಕೆಟಲ್ಲ, ಷರತ್ತಿನ ಮೇಲೆ ಕೊಟ್ಟ ಪರವಾನಗಿ. ಪ್ರಾಣಿಗಳನ್ನು ಕೆಣಕಬಾರದು, ನೆಲದಲ್ಲಿ ಕಸ ಚೆಲ್ಲಬಾರದು ಎಂಬುದು ಅದೇ ೨೭ನೆಯ ಕಲಮಿನಲ್ಲಿ ಬರೆದಿರುವ ಮಾತು, ಕಾವಲುಗಾರನ ಸ್ವಂತ ದರ್ಬಾರಲ್ಲ. ಬೆಂಕಿ ಹಾಕುವುದಕ್ಕೆ ೩೦ನೆಯ ಕಲಮು ಅಡ್ಡ ಬರುತ್ತದೆ. ಆಯುಧ ಒಯ್ಯುವುದಕ್ಕೆ ೩೧. ೨೦೨೨ರಲ್ಲಿ ಕಾಯಿದೆಯನ್ನು ತಿದ್ದಿದ ಮೇಲೆ ಸಾಮಾನ್ಯ ತಪ್ಪಿಗೆ ಮೂರು ವರ್ಷದವರೆಗೆ ಸಜೆ, ಇಲ್ಲವೆ ಒಂದು ಲಕ್ಷ ರೂಪಾಯಿಯವರೆಗೆ ದಂಡ, ಇಲ್ಲವೆ ಎರಡೂ.

ಇದರಲ್ಲಿ ನಮಗೆ ಬಹಳ ಹಿಡಿಸಿದ್ದು ಬೇಟೆ ಎಂಬ ಶಬ್ದಕ್ಕೆ ಕಾಯಿದೆ ಕೊಟ್ಟಿರುವ ಅರ್ಥ. ಬೇಟೆಯೆಂದರೆ ಗುಂಡು ಹಾರಿಸುವುದು, ಬಲೆ ಬೀಸುವುದು ಎಂದಷ್ಟೇ ಅಲ್ಲವೆ ನಾವು ತಿಳಿದಿರುವುದು? ಕಾಯಿದೆ ಹಾಗೆ ಬಿಟ್ಟಿಲ್ಲ. ಕಾಡುಹಕ್ಕಿಯ ಮೊಟ್ಟೆಗೆ ಹಾನಿ ಮಾಡುವುದು, ಮೊಟ್ಟೆಯನ್ನೋ ಗೂಡನ್ನೋ ಕದಲಿಸುವುದು, ಅದಕ್ಕೆ ತೊಂದರೆ ಕೊಡುವುದು ಇವೂ ಬೇಟೆಯೇ. ಅಭಯಧಾಮದೊಳಗೆ ಬೇಟೆಯಾಡಿದವನಿಗೆ ಮೂರರಿಂದ ಏಳು ವರ್ಷ ಸಜೆ. ಚಂದದ ಫೋಟೊ ಬರಲೆಂದು ಗೂಡಿನ ಮುಂದಿನ ರೆಂಬೆಯನ್ನು ಬಗ್ಗಿಸುವ ಸಭ್ಯ ಗೃಹಸ್ಥರು ಈ ಮಾತನ್ನು ಓದಿರಲಾರರು.

ಇದೇಕೆ ಇಷ್ಟು ಬಿಗಿ? ಗೂಡಿನ ಸಂಗತಿಯನ್ನು ತಿಳಿದರೆ ಉಳಿದುದೆಲ್ಲ ತಾನಾಗಿ ತಿಳಿಯುತ್ತದೆ.

ರಂಗನತಿಟ್ಟಿನಲ್ಲಿ ನೀವು ಕಾಣುವ ದೊಡ್ಡ ಹಕ್ಕಿಗಳಲ್ಲಿ ಬಣ್ಣದ ಕೊಕ್ಕರೆ ಒಂದು. ಹಳದಿ ಕೊಕ್ಕು, ಬಿಳಿ ಮೈ, ಬಾಲದ ಕಡೆ ಕುಂಕುಮ ಸೋಕಿಸಿದಂಥ ಗರಿ. ಬಾಯ್ಕಳಕ ಎಂಬುದು ಇನ್ನೊಂದು. ಅದರ ಕೊಕ್ಕಿನ ನಡುವೆ ಅಡಕತ್ತರಿಯ ಹಾಗೆ ಒಂದು ಸಂದು ಇದೆ, ಬಸವನಹುಳುವನ್ನು ಚಿಪ್ಪಿನಿಂದ ಬಿಡಿಸುವುದಕ್ಕೆ ಹೇಳಿಮಾಡಿಸಿದಂತೆ. ಚಮಚದಂಥ ಕೊಕ್ಕಿನ ಹಕ್ಕಿ ನೀರನ್ನು ಅತ್ತ ಇತ್ತ ಜಾಲಾಡುತ್ತ ನಡೆಯುತ್ತದೆ. ಹೆಜ್ಜಾರ್ಲೆಗೆ ಗಂಟಲ ಕೆಳಗೆ ಚೀಲ. ನೀರುಕಾಗೆ, ಹಾವಕ್ಕಿ, ಬೆಳ್ಳಕ್ಕಿಗಳನ್ನಂತೂ ಲೆಕ್ಕವಿಡಲಾಗದು. ಇವೆಲ್ಲ ಒಂದೊಂದು ಮರದಲ್ಲಿ ಹತ್ತಾರು ಗೂಡು ಕಟ್ಟಿ ನಮ್ಮ ಲೈನು ಮನೆಗಳ ಹಾಗೆ ಒತ್ತಾಗಿ ಸಂಸಾರ ಮಾಡುತ್ತವೆ. ಜಗಳವೂ ಹಾಗೆಯೇ.

ಬಣ್ಣದ ಕೊಕ್ಕರೆ ಎರಡರಿಂದ ಐದು ಮೊಟ್ಟೆ ಇಡುತ್ತದೆ. ಗಂಡು ಹೆಣ್ಣು ಎರಡೂ ಸರದಿಯ ಮೇಲೆ ಸುಮಾರು ಒಂದು ತಿಂಗಳು ಕಾವು ಕೂರುತ್ತವೆ. ಒಂದು ಕೂತಾಗ ಇನ್ನೊಂದು ಮೀನಿಗೆ ಹೋಗುತ್ತದೆ. ಎರಡು ಪಾಳಿಯ ಕೆಲಸವೆನ್ನಿ. ಮರಿಯಾದ ಮೇಲೂ ಬಿಡುವಿಲ್ಲ. ನಾವು ಮೇಷ್ಟರ ಕೆಲಸದಲ್ಲಿದ್ದಾಗ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದೆವು. ಸುಡುಬಿಸಿಲು. ಒಂದು ಕೊಕ್ಕರೆ ಗೂಡಿನಲ್ಲಿ ಎರಡು ರೆಕ್ಕೆಯನ್ನೂ ಅಗಲವಾಗಿ ಬಿಚ್ಚಿ ಅಲ್ಲಾಡದೆ ನಿಂತಿತ್ತು. “ರೆಕ್ಕೆ ಬಿಚ್ಚಿದೆ, ಹಾರುತ್ತಲೇ ಇಲ್ಲವಲ್ಲ?” ಎಂದು ಒಬ್ಬ ಹುಡುಗ ಕೇಳಿದ. ನಾವು ಬಾಯಿ ತೆರೆಯುವ ಮೊದಲೇ ದೋಣಿಯವನು ಹೇಳಿದ: “ಅದು ಹಾರೋಕಲ್ಲಪ್ಪ, ಮರಿಗೆ ಕೊಡೆ ಹಿಡಿದದೆ.” ಕೆಳಗೆ ನೆರಳಿನಲ್ಲಿ ಮರಿಗಳ ಕೊಕ್ಕು ಕಾಣುತ್ತಿದ್ದವು. ಪಾಠಪುಸ್ತಕದಲ್ಲಿ ಒಂದು ವರ್ಷ ಹೇಳಿದರೂ ಅಷ್ಟು ಹತ್ತುತ್ತಿರಲಿಲ್ಲ.

ಈಗ ಯೋಚಿಸಿ. ದೋಣಿಯಲ್ಲಿ ಒಬ್ಬ ಚಪ್ಪಾಳೆ ತಟ್ಟಿದ, ಇಲ್ಲವೆ ಫೋನಿನಲ್ಲಿ ಹಾಡು ಕೂಗಿಸಿದ, ಇಲ್ಲವೆ ತಲೆಯ ಮೇಲೆ ಡ್ರೋನ್ ಬಿಟ್ಟ. ಕೊಡೆ ಹಿಡಿದಿದ್ದ ತಾಯಿ ಗಾಬರಿಬಿದ್ದು ಹಾರಿತು. ನಮಗೆ ಅದು ಒಂದು ನೋಟ. ನೂರು ಹಕ್ಕಿ ಒಟ್ಟಿಗೆ ಎದ್ದರೆ ಚಂದವಾಗಿಯೇ ಕಾಣುತ್ತದೆ. ಆದರೆ ಗೂಡಿನಲ್ಲಿ ಗರಿ ಮೂಡದ ಮರಿ ಬೇಸಗೆಯ ಬಿಸಿಲಿಗೆ ಬಿದ್ದಿರುತ್ತದೆ. ಕಾಗೆ, ಹದ್ದುಗಳು ಇದೇ ಸಮಯಕ್ಕೆ ಕಾದಿರುತ್ತವೆ. ಮೊಟ್ಟೆ ಎತ್ತಿಕೊಂಡು ಹೋಗಲು ಅವಕ್ಕೆ ಗಳಿಗೆ ಸಾಕು. ಬೆದರಿದ ಮರಿ ಅಂಚಿಗೆ ಸರಿದು ಕೆಳಗೆ ಬಿದ್ದರೆ ತಾಯಿ ಅದನ್ನು ಎತ್ತಿ ಗೂಡಿಗೆ ಹಾಕಲಾರದು. ಮೇಲಿಂದ ಮೇಲೆ ಹೀಗಾದರೆ ಗೂಡನ್ನೇ ಬಿಟ್ಟುಹೋಗುವುದೂ ಉಂಟು. ಚಪ್ಪಾಳೆ ತಟ್ಟಿದವನು ಅಷ್ಟು ಹೊತ್ತಿಗೆ ದಡಕ್ಕೆ ಬಂದು ಕಡಲೆಕಾಯಿ ತಿನ್ನುತ್ತಿರುತ್ತಾನೆ. ತಾನು ಮಾಡಿದ್ದು ಅವನಿಗೆ ಯಾವ ಕಾಲಕ್ಕೂ ತಿಳಿಯುವುದಿಲ್ಲ.

ಆದುದರಿಂದಲೇ ಅಲ್ಲಿ ಹುಟ್ಟುಹಾಕುವ ದೋಣಿಗಳು. ಯಂತ್ರದ ಸದ್ದಿಲ್ಲ. ಗದ್ದಲ ಮಾಡಬೇಡಿರೆನ್ನುವುದಕ್ಕೂ ದೂರವಿರಬೇಕೆನ್ನುವುದಕ್ಕೂ ಡ್ರೋನಿಗೆ ಅನುಮತಿ ಬೇಕೆನ್ನುವುದಕ್ಕೂ ಇದೇ ಕಾರಣ. ಹೊಳಪಿನ ಬಣ್ಣದ ಬಟ್ಟೆಗಿಂತ ಮಾಸಲು ಬಣ್ಣದ್ದು ಒಳ್ಳೆಯದೆನ್ನುತ್ತಾರೆ. ಇದೊಂದು ನಿಯಮವಲ್ಲ, ಸಲಹೆ. ಗಿರಣಿಯವರ ಬಟ್ಟೆಗೆ ಆ ತೊಂದರೆಯೇ ಇಲ್ಲ.

ದೋಣಿಯಲ್ಲಿ ಏಳಬಾರದು, ನೀರಿಗೆ ಕೈ ಇಳಿಬಿಡಬಾರದು ಎಂಬುದು ಮಾತ್ರ ಹಕ್ಕಿಗಾಗಿ ಅಲ್ಲ, ನಿಮಗಾಗಿ. ಅಲ್ಲಿ ಮೊಸಳೆಗಳಿವೆ. ಒಂದೆರಡಲ್ಲ, ಕರ್ನಾಟಕದಲ್ಲಿ ಮೊಸಳೆಗಳು ಹೆಚ್ಚಾಗಿರುವ ತಾಣಗಳಲ್ಲಿ ಅದೂ ಒಂದು. ಬಂಡೆಯ ಮೇಲೆ ಬಾಯಿ ತೆರೆದು ಮಲಗಿರುವಾಗ ಬೊಂಬೆಯೋ ನಿಜವೋ ಎಂದು ಸಂಶಯ ಬರುವಷ್ಟು ನಿಶ್ಚಲ. ಮೈಯ ಕಾವನ್ನು ಹದದಲ್ಲಿಟ್ಟುಕೊಳ್ಳುವ ರೀತಿ ಅದು. ಅದನ್ನು ಕದಲಿಸಿ ನೋಡಬೇಕೆಂದು ಕಲ್ಲೆಸೆಯುವ ಶೂರರು ಕೆಲವರಿರುತ್ತಾರೆ. ಹಿಂದಿನ ಸಾಲಿನಲ್ಲಿ ಯಾರೋ ನಗುತ್ತಿದ್ದೀರಿ; ಅಂಥವರು ನಮ್ಮಲ್ಲೂ ಇದ್ದಾರೆಂದಾಯಿತು. ದೋಣಿ ಮಗುಚಿದರೆ ನೀರಿನಲ್ಲಿ ಬೀಳುವುದು ಕಲ್ಲೆಸೆದವನೊಬ್ಬನೇ ಅಲ್ಲ, ಪಕ್ಕದವನ ಮಗುವೂ ಬೀಳುತ್ತದೆ. ತೇಲುವ ಅಂಗಿ ಕೊಟ್ಟರೆ ಸೆಖೆಯೆಂದು ತೆಗೆದಿಡಬೇಡಿ. ಹೊಳೆಯ ದಡದಲ್ಲಿ ಕಾಲು ತೊಳೆಯಲು, ಈಜಲು ಇಳಿಯುವ ಆಸೆಯನ್ನು ಅವತ್ತಿನ ಮಟ್ಟಿಗೆ ಮನೆಯಲ್ಲೇ ಇಟ್ಟು ಬನ್ನಿ.

ಇನ್ನೊಂದು ವಿಚಾರ. ಮಳೆಗಾಲದಲ್ಲಿ ಕೃಷ್ಣರಾಜಸಾಗರ ತುಂಬಿ ನೀರು ಬಿಟ್ಟರೆ ಅದು ನೇರವಾಗಿ ಬರುವುದು ಈ ತಿಟ್ಟುಗಳ ಮೇಲೆಯೇ. ಆಗ ದೋಣಿ ನಿಲ್ಲಿಸುತ್ತಾರೆ. ೨೦೧೮, ೨೦೧೯ರ ಮಳೆಗಾಲಗಳಲ್ಲಿ ಹಾಗಾಯಿತು. ತಿಟ್ಟುಗಳೇ ಮುಳುಗುವಷ್ಟು ನೀರು ಬಂತು. ಅಷ್ಟು ದೂರ ಬಂದಿದ್ದೇವೆ, ಒಂದು ಸುತ್ತು ಹಾಕಿಸಿ ಎಂದು ದೋಣಿಯವನಿಗೆ ಗಂಟುಬೀಳಬೇಡಿ. ಹೊರಡುವ ಹಿಂದಿನ ದಿನ ವಿಚಾರಿಸಿಕೊಂಡು ಹೊರಟರೆ ಬಸ್ಸಿನ ದುಡ್ಡು ಉಳಿಯುತ್ತದೆ.

ವರ್ತಕ ಬಂಧುಗಳು ಕೇಳಿದ ಪ್ರಶ್ನೆಗೆ ಬರೋಣ. ಪ್ಲಾಸ್ಟಿಕ್ ಚೀಲ, ತಟ್ಟೆ, ಲೋಟಗಳನ್ನು ನಿಲ್ಲಿಸಿ ನಮ್ಮ ಹೊಟ್ಟೆಯ ಮೇಲೆ ಹೊಡೆದರು ಎನ್ನುತ್ತೀರಿ. ಕರ್ನಾಟಕದಲ್ಲಿ ಈ ನಿಷೇಧ ೨೦೧೬ರಲ್ಲಿ ಬಂತು, ಒಂದು ಸಲ ಬಳಸಿ ಬಿಸಾಡುವ ಹಲವು ಪ್ಲಾಸ್ಟಿಕ್ ಸಾಮಾನುಗಳ ಮೇಲೆ ದೇಶಕ್ಕೆಲ್ಲ ೨೦೨೨ರ ಜುಲೈಯಲ್ಲಿ ಬಂತು. ತಯಾರಿಸುವ ದೊಡ್ಡ ಕಾರಖಾನೆಯ ಬಾಗಿಲಿಗೆ ಹೋಗುವ ಮೊದಲು ತಳ್ಳುಗಾಡಿಯವನ ಚೀಲವನ್ನು ಕಿತ್ತುಕೊಂಡು ದಂಡ ಹಾಕಿದ ಸಂಗತಿಗಳು ನಮಗೂ ಗೊತ್ತು. ಆ ಸಿಟ್ಟು ನ್ಯಾಯವಾದದ್ದೇ. ಆದರೆ ಆ ಸಿಟ್ಟನ್ನು ಹಕ್ಕಿಯ ಮೇಲೆ ತೀರಿಸಬಾರದು. ಕುರುಕಲು ತಿಂಡಿಯ ಖಾಲಿ ಪೊಟ್ಟಣ ಗಾಳಿಗೆ ಹಾರಿ ನೀರಿಗೆ ಬೀಳುತ್ತದೆ. ತಿಂಡಿಯ ವಾಸನೆ ಹತ್ತಿದ ಹಾಳೆಯನ್ನು ಮಂಗ ನುಂಗುತ್ತದೆ, ಮೀನು ನುಂಗುತ್ತದೆ. ದಾರದಂಥದು ಮರಿಯ ಕಾಲಿಗೆ ಸುತ್ತಿಕೊಂಡರೆ ಬಿಡಿಸುವವರಿಲ್ಲ. ಮುತ್ತುಗದ ಎಲೆ, ಬಾಳೆ ಎಲೆ, ಬಟ್ಟೆಯ ಚೀಲ, ಕಾಗದದ ಪೊಟ್ಟಣ ಇವನ್ನು ಮಾರುವವನೂ ಸಣ್ಣ ವರ್ತಕನೇ. ಪ್ರವಾಸಿಗಳು ಹೋಗುವ ದಾರಿಯಲ್ಲಿ ಇವುಗಳ ವ್ಯಾಪಾರ ಯಾರ ಕೈಯಲ್ಲಿರಬೇಕೆಂದು ಈಗಲೇ ಯೋಚಿಸದಿದ್ದರೆ, ಅದನ್ನೂ ಬೇರೆ ಊರಿನ ದೊಡ್ಡ ಕಂಪನಿ ಬಂದು ಹಿಡಿಯುತ್ತದೆ.

ಮಂಗದ ಮಾತು ಬಂದದ್ದರಿಂದ ಹೇಳುತ್ತೇವೆ. ಅದಕ್ಕೆ ಬಾಳೆಹಣ್ಣು ಕೊಡುವುದು ಪುಣ್ಯವೆಂದು ನಮ್ಮ ಹೆಂಗಸರು ತಿಳಿದಿದ್ದಾರೆ. ಒಂದು ದಿನ ಕೊಟ್ಟವರು ಹೋಗುತ್ತಾರೆ, ಮಾರನೆಯ ದಿನ ಅದು ಕೊಡದವರ ಕೈಯಿಂದ ಕಿತ್ತುಕೊಳ್ಳುತ್ತದೆ, ಮಗುವನ್ನು ಪರಚುತ್ತದೆ. ಆಮೇಲೆ ಅದನ್ನು ಹಿಡಿದು ಸಾಗಿಸಿ ಎಂದು ಅರ್ಜಿ ಬರೆಯುವವರೂ ನಾವೇ. ಅದಕ್ಕೆ ಆಹಾರ ಮರದಲ್ಲಿದೆ, ಬಿಟ್ಟುಬಿಡಿ.

ಸರಿ, ಇವೆಲ್ಲ ಕೈಯನ್ನು ಕಾಯುವ ಬಗೆಯ ನಿಯಮಗಳೆಂದಾಯಿತು. ಹಾಗಾದರೆ ಗಲ್ಲವನ್ನು ಕಾಯುವ ಬಗೆಯದು ಅಲ್ಲಿ ಇಲ್ಲವೇ? ಅದನ್ನೂ ಹೇಳದೆ ಹೋದರೆ ನಾವು ಇಲಾಖೆಯ ವಕೀಲರಾದೇವು.

ಅಭಯಧಾಮಗಳಲ್ಲಿ ಸಾಮಾನ್ಯ ಚೀಟಿಗೆ ಒಂದು ದರ, ದೊಡ್ಡ ಮಸೂರದ ಕ್ಯಾಮೆರಾಕ್ಕೆ ಬೇರೆ ದರ, ವಿಶೇಷ ದೋಣಿಗೋ ಜೀಪಿಗೋ ಇನ್ನೂ ಮೇಲಿನ ದರ. ಹೆಚ್ಚು ಕೊಟ್ಟವನು ಹೆಚ್ಚು ಹೊತ್ತು ನೋಡಲಿ, ಅದಕ್ಕೆ ನಮ್ಮ ತಕರಾರಿಲ್ಲ. ಆದರೆ ಹೆಚ್ಚು ಕೊಟ್ಟವನು ಹೆಚ್ಚು ಹತ್ತಿರ ಹೋಗಬಹುದೆಂದಾದರೆ, ಆ ಕ್ಷಣವೇ ನಿಯಮ ಸತ್ತಿತೆಂದು ಲೆಕ್ಕ. ಗೂಡಿನಲ್ಲಿರುವ ಮರಿಗೆ ಯಾವ ದೋಣಿ ಎಷ್ಟು ರೂಪಾಯಿಯದೆಂಬುದು ತಿಳಿಯದು. ಹುಲಿ ಕಾಡುಗಳಲ್ಲಿ ಇದೇ ರೋಗ ಮಿತಿಮೀರಿ, ೨೦೧೨ರ ಜುಲೈಯಲ್ಲಿ ಸುಪ್ರೀಂ ಕೋರ್ಟು ಒಳಗಾಡಿನ ಪ್ರವಾಸವನ್ನೇ ನಿಲ್ಲಿಸಿಬಿಟ್ಟಿತು. ಅಕ್ಟೋಬರಿನಲ್ಲಿ ಕಟ್ಟುಪಾಡುಗಳನ್ನು ಬರೆದು ಹೊರಡಿಸಿದ ಮೇಲೆಯೇ ಮತ್ತೆ ತೆರೆದದ್ದು. ಒಳಗಾಡಿನ ನೂರಕ್ಕೆ ಇಪ್ಪತ್ತು ಭಾಗಕ್ಕಿಂತ ಹೆಚ್ಚು ಜಾಗವನ್ನು ಪ್ರವಾಸಕ್ಕೆ ಬಿಡಬಾರದು, ವಾಹನ ಪ್ರಾಣಿಯಿಂದ ೨೦ ಮೀಟರಾದರೂ ದೂರವಿರಬೇಕು ಎಂದು ಅದರಲ್ಲಿದೆ. ೨೦ ಮೀಟರೆಂದರೆ ಈ ಸಭೆಯ ಚಾವಣಿಯ ಉದ್ದಕ್ಕಿಂತ ಸ್ವಲ್ಪ ಹೆಚ್ಚು. ಹುಲಿ ಕಂಡೊಡನೆ ಹತ್ತು ಜೀಪು ಸುತ್ತುಗಟ್ಟಿದ ಚಿತ್ರಗಳನ್ನು ನೀವೂ ನೋಡಿದ್ದೀರಿ. ಅವು ನಮ್ಮಂಥವರು ಹತ್ತಿದ ಜೀಪುಗಳಲ್ಲ.

ಇಲ್ಲಿ ಕಷ್ಟಕ್ಕೆ ಸಿಕ್ಕುವವನು ಯಾರು ಗೊತ್ತೆ? ದೋಣಿ ನಡೆಸುವವನು, ಜೀಪಿನ ಚಾಲಕ. ಅರಣ್ಯ ಇಲಾಖೆಯಲ್ಲಿ ದಿನಗೂಲಿಯ ಮೇಲೆ, ಹೊರಗುತ್ತಿಗೆಯ ಮೇಲೆ ದುಡಿಯುವ ಮಂದಿ ಬಹಳ. “ಇನ್ನೂರು ತೆಗೆದುಕೋ, ಸ್ವಲ್ಪ ಹತ್ತಿರ ಬಿಡು” ಎಂದು ಒಬ್ಬ ನೋಟು ಚಾಚುತ್ತಾನೆ. ಬಿಡದಿದ್ದರೆ ಪುಸ್ತಕದಲ್ಲಿ ದೂರು ಬರೆಯುತ್ತಾನೆ. ಬಿಟ್ಟು ಸಿಕ್ಕಿಬಿದ್ದರೆ ಕೆಲಸ ಹೋಗುವುದು ನೋಟು ಚಾಚಿದವನದಲ್ಲ. ಬಂಧುಗಳೆ, ದೋಣಿಯವನು ಬೇಡವೆಂದ ಕಡೆ ಹೋಗಲು ಒತ್ತಾಯಿಸುವುದು, ಓಡುವ ಯಂತ್ರದ ಕಾವಲು ತೆಗೆದು ಕೆಲಸ ಮಾಡೆಂದು ಮಾಲೀಕ ಒತ್ತಾಯಿಸುವುದಕ್ಕಿಂತ ಬೇರೆಯಲ್ಲ. ನಮ್ಮವರಲ್ಲಿ ಯಾರೂ ಹಾಗೆ ಮಾಡಬಾರದು. ಬೇರೆಯವರು ಮಾಡುತ್ತಿದ್ದರೆ ದೋಣಿಯವನ ಪರವಾಗಿ ಬಾಯಿಬಿಟ್ಟು ಹೇಳಬೇಕು. ಅಷ್ಟು ಮಾತಾಡಿದರೆ ಹಕ್ಕಿ ಏನೂ ಬೆದರುವುದಿಲ್ಲ.

ಬಂಡೀಪುರದ ರಸ್ತೆಯ ಮಾತನ್ನೂ ಒಬ್ಬ ತರಕಾರಿ ವರ್ತಕರು ಎತ್ತಿದರು. ೨೦೦೯ರಲ್ಲಿ ಚಾಮರಾಜನಗರದ ಜಿಲ್ಲಾಧಿಕಾರಿಗಳ ಆಜ್ಞೆಯಿಂದ ಆ ಕಾಡಿನ ಹೆದ್ದಾರಿಗಳಲ್ಲಿ ರಾತ್ರಿ ಒಂಬತ್ತರಿಂದ ಬೆಳಗಿನ ಆರರವರೆಗೆ ಸಂಚಾರ ನಿಂತಿತು. ೨೦೧೦ರಲ್ಲಿ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ರೋಗಿಗಳ ವಾಹನಕ್ಕೂ ಕೆಲವು ಸರಕಾರಿ ಬಸ್ಸುಗಳಿಗೂ ವಿನಾಯಿತಿ ಕೊಟ್ಟರು. ಕೇರಳಕ್ಕೆ ಹೋಗುವ ಲಾರಿ ಹುಣಸೂರು, ಗೋಣಿಕೊಪ್ಪ, ಕುಟ್ಟದ ಮೇಲೆ ಸುತ್ತಿ ಹೋಗಬೇಕಾಗುತ್ತದೆ. ಡೀಸೆಲು ಹೆಚ್ಚು, ಸೊಪ್ಪು ಬಾಡುತ್ತದೆ. ಈ ನಷ್ಟ ನಿಜ. ಕತ್ತಲೆಯಲ್ಲಿ ಲಾರಿಯ ಚಕ್ರಕ್ಕೆ ಜಿಂಕೆ, ಆನೆಮರಿ ಸಿಕ್ಕುತ್ತಿದ್ದುದೂ ನಿಜ. ನಷ್ಟವನ್ನು ಸಣ್ಣ ವರ್ತಕನೊಬ್ಬನೇ ಹೊರಬಾರದು, ಸುತ್ತು ದಾರಿಯನ್ನು ಸರಿಪಡಿಸಿಕೊಡಿ ಎಂದು ಕೇಳುವುದು ಸರಿ. ರಾತ್ರಿ ಬಾಗಿಲು ತೆಗೆಯಿರಿ ಎಂದು ಕೇಳುವುದಕ್ಕೆ ನಮ್ಮ ಒಪ್ಪಿಗೆಯಿಲ್ಲ. ಇದನ್ನು ಹೇಳಿದರೆ ಕೆಲವರಿಗೆ ಬೇಸರವಾದೀತು, ಆದರೂ ಹೇಳಿದ್ದೇವೆ.

ಬಾಗಿಲೇ ಇಲ್ಲದ ಧಾಮವೂ ನಮ್ಮ ನೆರೆಯಲ್ಲಿದೆ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರು, ಶಿಂಷಾ ಹೊಳೆಯ ಹತ್ತಿರ. ಅಲ್ಲಿ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಕಾಡಿನಲ್ಲಲ್ಲ, ಊರೊಳಗೆ, ಮನೆಗಳ ಹಿತ್ತಿಲಿನ ಹುಣಿಸೆ ಮರದಲ್ಲಿ, ಅರಳಿ ಮರದಲ್ಲಿ ಗೂಡು ಕಟ್ಟುತ್ತವೆ. ಚಳಿಗಾಲದಲ್ಲಿ ಬಂದು ಬೇಸಗೆಯಲ್ಲಿ ಮರಿಗಳೊಡನೆ ಹೋಗುತ್ತವೆ. ಊರಿನವರು ಅವನ್ನು ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳೆನ್ನುತ್ತಾರೆ. ಮರದ ಕೆಳಗಿನ ಹಿಕ್ಕೆ ಹೊಲಕ್ಕೆ ಗೊಬ್ಬರ. ಆದರೆ ಗೂಡಿರುವ ಮರದ ಹುಣಿಸೆ ಫಸಲು ಕೆಡುತ್ತದೆ; ಮರದ ಒಡೆಯರಿಗೆ ಅದಕ್ಕಾಗಿ ಪರಿಹಾರದ ಏರ್ಪಾಡು ಮಾಡಬೇಕಾಯಿತು. ೧೯೭೬ರಲ್ಲಿ ಅರಣ್ಯಾಧಿಕಾರಿ ನೇಗಿನಹಾಳರು ಇದನ್ನು ಹೊರಲೋಕಕ್ಕೆ ತಿಳಿಸಿದರು. ೨೦೦೭ರಲ್ಲಿ ಅದು ಸಮುದಾಯ ಮೀಸಲು ಪ್ರದೇಶವಾಯಿತು. ನೀವು ಅಲ್ಲಿಗೂ ಹೋಗುವುದಾದರೆ ಒಂದು ಮಾತು: ಅದು ಜನ ವಾಸಿಸುವ ಊರು. ಹಕ್ಕಿಯ ಫೋಟೊಗಾಗಿ ಕೇಳದೆ ಯಾರ ಹಿತ್ತಿಲಿಗೂ ನುಗ್ಗಬೇಡಿ, ಸ್ನಾನದ ಮನೆಯ ಮಗ್ಗುಲಲ್ಲಿ ನಿಂತು ಕ್ಯಾಮೆರಾ ಎತ್ತಬೇಡಿ. ನಮ್ಮ ಲೈನು ಮನೆಗಳಿಗೆ ಹೊರಗಿನವರು ಬಂದು ಹಾಗೆ ನಿಂತರೆ ಸುಮ್ಮನಿರುತ್ತೇವೆಯೇ?

ಈಗ ನಮ್ಮ ಬೇಡಿಕೆಯ ಭಾಗ. ಒಂದು ಧಾಮದಲ್ಲಿ, ಹೆಸರು ಬೇಡ, ನಿಯಮಗಳ ಫಲಕವೆಲ್ಲ ಇಂಗ್ಲಿಷಿನಲ್ಲಿಯೇ ಇದ್ದುದನ್ನು ನಾವು ನೋಡಿದ್ದೇವೆ. ಕನ್ನಡದಲ್ಲಿ ಇದ್ದುದು “ದಂಡ ವಿಧಿಸಲಾಗುವುದು” ಎಂಬ ಒಂದೇ ಸಾಲು. ಕಾರಣವೆಲ್ಲ ಅವರಿಗೆ, ದಂಡ ಮಾತ್ರ ನಮಗೆ! ಆದುದರಿಂದ ಸಂಘದಿಂದ ಅರಣ್ಯ ಇಲಾಖೆಗೆ ಒಂದು ಮನವಿ ಬರೆದಿದ್ದೇವೆ. ನಿಯಮಗಳನ್ನು ಕಾರಣ ಸಹಿತವಾಗಿ ದೊಡ್ಡ ಕನ್ನಡ ಅಕ್ಷರದಲ್ಲಿ ಬರೆಸಬೇಕು. ಎಲ್ಲ ದರಗಳನ್ನೂ ಬಾಗಿಲಿನಲ್ಲಿ ತೂಗುಹಾಕಬೇಕು. ಕಾರ್ಮಿಕ ಸಂಘಗಳ ಮೂಲಕ ಬರುವ ಕುಟುಂಬಗಳಿಗೂ ಸರಕಾರಿ ಶಾಲೆಯ ಮಕ್ಕಳಿಗೂ ದೋಣಿಯ ದರದಲ್ಲಿ ರಿಯಾಯಿತಿ ಬೇಕು. ಹೊರಗಿನಿಂದ ಬುತ್ತಿ ತಂದವರು ಕುಳಿತು ಉಣ್ಣಲು ಧಾಮದ ಗಡಿಯಾಚೆ ನೆರಳು, ಕುಡಿಯುವ ನೀರು ಬೇಕು. ಅವೆರಡೂ ಇದ್ದರೆ ನೀರಿನ ಪ್ಲಾಸ್ಟಿಕ್ ಸೀಸೆ ಅರ್ಧಕ್ಕರ್ಧ ತಾನೇ ನಿಲ್ಲುತ್ತದೆ. ದೋಣಿ ನಡೆಸುವವರಿಗೂ ಕಾವಲಿನವರಿಗೂ ಕೆಲಸದ ಭದ್ರತೆ ಕೊಡಬೇಕು, ನಿಯಮ ಪಾಲಿಸಿದ್ದಕ್ಕೆ ಅವರ ಮೇಲೆ ಬಂದ ದೂರನ್ನು ವಿಚಾರಿಸದೆ ಎಣಿಸಬಾರದು.

ಮನವಿಯ ಎರಡು ಪ್ರತಿಗಳು ಆ ಮೇಜಿನ ಮೇಲಿವೆ. ಎಡಗಡೆಯದು ಗಿರಣಿಯವರಿಗೆ, ಬಲಗಡೆಯದು ಪೇಟೆಯವರಿಗೆ. ಓದಿಕೊಂಡು ರುಜು ಹಾಕಿ. ಓದಲು ಬಾರದವರಿಗೆ ನಾವೇ ಓದಿ ಹೇಳುತ್ತೇವೆ. ಸೇರಿಸಬೇಕಾದ್ದು ಏನಾದರೂ ಇದ್ದರೆ ಗುರುವಾರದೊಳಗೆ ಸಂಘದ ಕೊಠಡಿಗೆ ಬಂದು ತಿಳಿಸಿ, ಶುಕ್ರವಾರ ಅದು ಅಂಚೆಗೆ ಹೋಗುತ್ತದೆ.